ಅನುದಾನದ ರೋಬೋಟ್ ಮತ್ತು ಫಸ್ಟ್ ಕ್ಲಾಸ್ ಕಲ್ಲು

ದೊಡ್ಡ ಕಂಪನಿಯ ಅನುದಾನ ಸಣ್ಣ ಊರಿಗೆ ಬಂದರೆ ಸಂಶೋಧನೆಗಿಂತ ಮೊದಲು ತಮಾಷೆ ಶುರುವಾಗುತ್ತದೆ. ನಾನು ಶಹಾಬಾದ ಕಡೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಹಾಸುಗಲ್ಲಿನಲ್ಲಿ ಬಿರುಕು ಇದೆಯೋ ಇಲ್ಲವೋ ಎಂದು ಕ್ಯಾಮೆರಾದಿಂದ ನೋಡಿ ಹೇಳುವ ರೋಬೋಟ್ ಮಾಡುತ್ತೇವೆ ಎಂದು ನಾವು ಬರೆದು ಕಳಿಸಿದ್ದೆವು. ಒಂದು ಕಂಪನಿ ಒಪ್ಪಿ, ಮಿಂಚಿನ ವೇಗದಲ್ಲಿ ಲೆಕ್ಕ ಮಾಡುವ ಜಿಪಿಯು ಕಂಪ್ಯೂಟರನ್ನೂ ಕೊಟ್ಟಿತು. ಷರತ್ತು ಒಂದೇ. ವರ್ಷದ ಕೊನೆಗೆ ಅವರ ಸಾಹೇಬರು ಬಂದು ಕೆಲಸ ನೋಡುತ್ತಾರೆ. ಮೆಚ್ಚಿದರೆ ಎರಡನೇ ವರ್ಷದ ಅನುದಾನ, ಇಲ್ಲದಿದ್ದರೆ ಕಂಪ್ಯೂಟರ್ ವಾಪಸ್. ಜೀವಮಾನದಲ್ಲಿ ಅಂಥ ಯಂತ್ರವನ್ನು ನಾನು ಮುಟ್ಟಿದ್ದು ಅದೇ ಮೊದಲು. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

೧. ಎಸಿ ಕೋಣೆಯ ಸಂಶೋಧಕರು

ಕಂಪ್ಯೂಟರ್ ಬಂದದ್ದು ಮೇ ತಿಂಗಳಲ್ಲಿ. ನಮ್ಮ ಕಡೆಯ ಮೇ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಯಂತ್ರ ತಂಪಾಗಿರಬೇಕೆಂದು ಕೋಣೆಗೆ ಎಸಿ ಹಾಕಿಸಿದೆವು. ಇಡೀ ಕಾಲೇಜಿಗೆ ಅದೊಂದೇ ಎಸಿ, ಪ್ರಿನ್ಸಿಪಾಲರ ಕೋಣೆಯಲ್ಲೂ ಬರೀ ಕೂಲರ್. ಮರುದಿನದಿಂದ ಎಲ್ಲರಿಗೂ ಸಂಶೋಧನೆಯ ಮೇಲೆ ಪ್ರೀತಿ ಉಕ್ಕಿ ಬಂತು.

"ಇದ್ರಾಗ ಏನ್ ನಡ್ದದ್ರಿ ಸರ?" ಎಂದು ಕೇಳಿಕೊಂಡು ಸಿವಿಲ್ ವಿಭಾಗದವರು ಬರುತ್ತಿದ್ದರು. ಉತ್ತರಕ್ಕೆ ಕಾಯದೆ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಚಿತ್ತಾಪುರದಿಂದ ಬರುವ ಗಣಿತದ ಮೇಷ್ಟ್ರು ರೊಟ್ಟಿ, ಶೇಂಗಾ ಹಿಂಡಿ ತಂದು ಅಲ್ಲೇ ಉಂಡು, ಯಂತ್ರದ ಪಕ್ಕ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು.

"ಸರ, ಮಲ್ಕೊಂಡ್ರೇನ್ರಿ?"

"ಇಲ್ರಿ, ಅದು ಹ್ಯಾಂಗ ಲೆಕ್ಕ ಮಾಡ್ತದಂತ ಕೇಳ್ಲಿಕತ್ತೀನಿ."

ಕೊನೆಗೆ ಪ್ರಿನ್ಸಿಪಾಲರು ಸಿಬ್ಬಂದಿ ಸಭೆಯನ್ನೂ ಅಲ್ಲಿಯೇ ಕರೆದರು. ಅಷ್ಟು ಜನ ತುಂಬಿದ ಮೇಲೆ ಕೋಣೆ ಕಾದು, ಯಂತ್ರ ಕೂಗಾಡಿ ತಾನೇ ಬಂದ್ ಆಯಿತು. ನಾನು ಗಾಬರಿಯಿಂದ ಎದ್ದು ನಿಂತೆ. ಪ್ರಿನ್ಸಿಪಾಲರು ಯಂತ್ರದ ಹಿಂದೆ ಕೈ ಒಡ್ಡಿ, ಅದರಿಂದ ಬರುತ್ತಿದ್ದ ಬಿಸಿಗಾಳಿ ಮುಟ್ಟಿ ನೋಡಿ, ಬೇಜಾರಿನಿಂದ ಹೇಳಿದರು.

"ಮೊದಲ ಇದನ್ನ ಹೊರಗ ಇಡಸ್ರಿ. ರೂಮಿನ ತುಂಬ ಗರ್ಮಿ ಮಾಡ್ಲಿಕತ್ತದ!"

೨. ನಾಚಿಕೆಯ ಗಾಡಿ

ಕಲ್ಲು ಪರೀಕ್ಷೆಗೆ ಜಾಗ ಕೊಟ್ಟವರು ಕಲ್ಲಿನ ಪಾಲಿಷ್ ಕಾರ್ಖಾನೆಯ ಮಾಲೀಕರು. ರಾವೂರದವರು, ಅಜ್ಜನ ಕಾಲದಿಂದ ಕಲ್ಲಿನದೇ ವ್ಯಾಪಾರ. ನಾವು ಮೊದಲು ಅಲ್ಲಿಗೆ ಒಯ್ದದ್ದು ಕಲ್ಲನ್ನು ಕ್ಯಾಮೆರಾದ ಬಳಿಗೆ ಹೊತ್ತು ತರುವ ಪುಟ್ಟ ಗಾಡಿಯನ್ನು. ತಾನೇ ದಾರಿ ನೋಡಿಕೊಂಡು ಹೋಗುವ ರೋಬೋಟ್ ಅದು. ಎದುರಿಗೆ ಮನುಷ್ಯರು ಕಂಡರೆ ಅಪಘಾತ ಆಗಬಾರದೆಂದು ನಿಂತುಬಿಡುತ್ತಿತ್ತು.

ಡ್ರೈವರ್ ಇಲ್ಲದ ಗಾಡಿ ಎಂದರೆ ನಮ್ಮ ಜನ ಬಿಡುತ್ತಾರೆಯೇ? ಕಾರ್ಖಾನೆಯ ಗಂಡಸರೆಲ್ಲ ಸುತ್ತಲೂ ನೆರೆದರು. ಗಾಡಿ ನಿಂತಿತು. "ಸರೀರಿ, ಸರೀರಿ" ಎಂದರೆ ಮುಂದಿನವರು ಹಿಂದೆ ಹೋದರು, ಹಿಂದಿನವರು "ನಮಗಷ್ಟ ಕಾಣಲಿಲ್ಲ" ಎಂದು ಮುಂದೆ ಬಂದರು. ಬೆಳಗಿನಿಂದ ಗಾಡಿ ಒಂದು ಗೇಣು ಕದಲಲಿಲ್ಲ. ಬೇಸತ್ತು ಎಲ್ಲರನ್ನೂ ಶೆಡ್ಡಿನೊಳಗೆ ಕಳಿಸಿ ನಾನೂ ಒಳಗೆ ಹೋದೆ. ಕೂಡಲೇ ಅದು ಸದ್ದಿಲ್ಲದೆ ಹೊರಟು, ಅಂಗಳ ದಾಟಿ, ಕಲ್ಲನ್ನು ಹೇಳಿದ ಜಾಗಕ್ಕೆ ಮುಟ್ಟಿಸಿ ನಿಂತಿತು.

ಮಾಲೀಕರ ತಾಯಿ ಅಂಗಳದ ಬದಿಯ ತಮ್ಮ ಮನೆಯ ಕಿಟಕಿಯಿಂದ ಇಣುಕಿ ಎಲ್ಲ ನೋಡಿದರು. ಆಮೇಲೆ ನನ್ನನ್ನು ಕರೆದು ಮೆಲ್ಲಗೆ ಹೇಳಿದರು.

"ಭಾಳ ಮರ್ಯಾದಿ ಮಂದಿ ಮನಿಯಿಂದ ತಂದೀರಿ ಬಿಡ್ರಿ. ಗಂಡಸರ ಮುಂದ ಹೆಜ್ಜಿ ಎತ್ತಂಗಿಲ್ಲ ನೋಡ್ರಿ ಪಾಪ!"

೩. ಫಸ್ಟ್ ಕ್ಲಾಸ್ ಕಲ್ಲು

ಆಮೇಲೆ ಅಸಲಿ ಕೆಲಸ. ಒಳ್ಳೆಯ ಕಲ್ಲಿನವು, ಒಡಕು ಕಲ್ಲಿನವು ಎಂದು ರಾಶಿ ಫೋಟೋ ತೆಗೆದು ಕಂಪ್ಯೂಟರಿಗೆ ಕಲಿಸಿದೆವು. ಕಲ್ಲು ಆರಿಸಿ ಕ್ಯಾಮೆರಾದ ಕೆಳಗೆ ಇಡುವ ಕೆಲಸ ಯಾವಾಗಲೂ ಮಾಲೀಕರದೇ. ಕ್ಯಾಮೆರಾದ ಕೆಳಗೆ ಒಳ್ಳೆಯ ಕಲ್ಲು ಇಟ್ಟರೆ ಸ್ಪೀಕರಿನಿಂದ "ಫಸ್ಟ್ ಕ್ಲಾಸ್ ಕಲ್ಲು" ಎಂದೂ, ಒಡಕು ಕಲ್ಲಿಗೆ "ರಿಜೆಕ್ಟ್" ಎಂದೂ ದನಿ ಬರುತ್ತಿತ್ತು. ಒಂದೂ ತಪ್ಪುತ್ತಿರಲಿಲ್ಲ. ಕಲ್ಲಿನಲ್ಲಿ ಅದಕ್ಕೆ ನಿಜಕ್ಕೂ ಏನು ಕಾಣುತ್ತದೋ ಎಂಬ ಕುತೂಹಲ ನನಗೆ ಇದ್ದೇ ಇತ್ತು, ಆದರೆ ಸರಿಯಾಗಿ ಹೇಳುವವರನ್ನು ಯಾರು ಕೆದಕುತ್ತಾರೆ?

ವರ್ಷ ತುಂಬಿತು, ಮತ್ತೆ ಮೇ ಬಂತು, ಸಾಹೇಬರೂ ಬಂದರು. ಗಂಭೀರ ಮನುಷ್ಯ, ತಲೆಯ ಮೇಲೆ ಒಂದು ಕೂದಲೂ ಇಲ್ಲ. ತಗಡಿನ ಶೆಡ್ಡಿನ ಸೆಕೆಗೆ ಬೆವರು ಧಾರಾಕಾರ ಇಳಿಯುತ್ತಿತ್ತು. ಮಾಲೀಕರು ಒಂದು ಒಳ್ಳೆಯ ಕಲ್ಲಿಗೆ ಚೊಂಬಿನಿಂದ ನೀರು ಸುರಿದು ಇಟ್ಟರು. "ಫಸ್ಟ್ ಕ್ಲಾಸ್ ಕಲ್ಲು." ಒಡಕು ಕಲ್ಲು ಇಟ್ಟರು. "ರಿಜೆಕ್ಟ್." ನನಗೆ ಹೋದ ಜೀವ ಬಂದಂತಾಯಿತು.

ಆಗ ಸಾಹೇಬರು ತಾವೇ ರಾಶಿಯಿಂದ ನುಣುಪಾದ ಕಲ್ಲೊಂದನ್ನು ಆರಿಸಿ ಇಟ್ಟರು.

"ರಿಜೆಕ್ಟ್."

"ಏನ್ ಮಾತಾಡ್ತದ ಇದು!" ಮಾಲೀಕರು ಕೆಂಡವಾದರು. "ನಮ್ಮ ಮುತ್ಯಾನ ಖಣಿ ಕಲ್ಲದು!"

ಬಿರುಕು ಎಲ್ಲಿದೆ ಎಂದು ನೋಡಲು ಸಾಹೇಬರು ಕಲ್ಲಿನ ಮೇಲೆ ಬಗ್ಗಿದರು. ಅವರ ತಲೆ ನೇರ ಕ್ಯಾಮೆರಾದ ಕೆಳಗೆ ಬಂತು.

"ಫಸ್ಟ್ ಕ್ಲಾಸ್ ಕಲ್ಲು."

ಎರಡನೇ ವರ್ಷದ ಅನುದಾನ ಹೋಯಿತು ಎಂದುಕೊಂಡೆ. ಸಾಹೇಬರು ತಲೆ ಮುಟ್ಟಿಕೊಂಡರು, ಒದ್ದೆ ಕೈ ನೋಡಿದರು, ಚೊಂಬು ನೋಡಿದರು. "ಫೋಟೋ ತೆಗೆಯುವಾಗಲೂ ನೀರು ಹಾಕಿದ್ರಾ?" ಎಂದು ಕೇಳಿದರು.

"ಛಲೋ ಕಲ್ಲಿಗಿ ಹಾಕೀವ್ರಿ," ಎಂದರು ಮಾಲೀಕರು. "ನೀರು ಬಿದ್ರ ಬಣ್ಣ ಎದ್ದು ಕಾಣ್ತದ. ಗಿರಾಕಿಗಿ ನಾವು ತೋರ್ಸೋದೇ ಹಂಗ. ಒಡಕ ಕಲ್ಲಿಗಿ ಯಾರ್ ನೀರ್ ಹಾಕ್ತಾರ್ರಿ?"

ವರ್ಷವಿಡೀ ಆ ದುಬಾರಿ ಕಂಪ್ಯೂಟರ್ ಕಲಿತದ್ದು ಕಲ್ಲನ್ನಲ್ಲ, ನೀರನ್ನು! ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸಾಹೇಬರಿಗೆ ಮಾತ್ರ ಕುತೂಹಲ ಕೆರಳಿತ್ತು. ಖಚಿತ ಮಾಡಿಕೊಳ್ಳಲು ಕರವಸ್ತ್ರದಿಂದ ತಲೆಯನ್ನು ಚೆನ್ನಾಗಿ ಒರೆಸಿ, ಮತ್ತೆ ಕ್ಯಾಮೆರಾದ ಕೆಳಗೆ ಒಡ್ಡಿದರು.

"ರಿಜೆಕ್ಟ್."

ಮನೆಗೆ ಬಂದ ಅತಿಥಿಗೆ ತಮ್ಮ ಕಾರ್ಖಾನೆಯಲ್ಲೇ ಅಂಥ ಮಾತೇ? ಮಾಲೀಕರಿಗೆ ತಡೆಯಲಾಗಲಿಲ್ಲ. "ಹಂಗೇ ಇರ್ರಿ ಸಾಹೇಬ್ರ!" ಎಂದವರೇ ಚೊಂಬಿನ ನೀರನ್ನೆಲ್ಲ ಆ ತಲೆಯ ಮೇಲೆ ಸುರಿದುಬಿಟ್ಟರು.

"ಫಸ್ಟ್ ಕ್ಲಾಸ್ ಕಲ್ಲು!"

ಸಾಹೇಬರು ನಿಧಾನವಾಗಿ ತಲೆಯೆತ್ತಿದರು. ಮೂಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ತಪ್ಪು ಸಿಕ್ಕಿತಲ್ಲ, ಎರಡನೇ ವರ್ಷಕ್ಕೆ ಅದೇ ಸಂಶೋಧನೆ ಮಾಡಿ. ಅನುದಾನ ಮಂಜೂರು," ಎಂದರು. "ಆದರೆ ಇವರ ಕೈಯಿಂದ ಆ ಚೊಂಬು ಕಸಿದುಕೊಂಡ ಮೇಲೆ."