ಟ್ಯೂಬ್‌ಲೈಟ್ ಕಂಡರಾಗದ ಮಾವ

ನಮ್ಮ ಸೋದರಮಾವನಿಗೆ ಜಗತ್ತಿನಲ್ಲಿ ಒಬ್ಬನೇ ವೈರಿ: ಟ್ಯೂಬ್‌ಲೈಟು. ಹೆಂಡತಿ ಮುನಿಸಿಕೊಂಡರೂ, ಮಗ್ಗ ಕೆಟ್ಟು ಕೂತರೂ ತಣ್ಣಗಿರುವ ಮನುಷ್ಯ, ಟ್ಯೂಬ್‌ಲೈಟ್ ಹತ್ತಿದ ಕೂಡಲೇ ಎದ್ದು ಹೊರಗೆ ಹೋಗಿಬಿಡುತ್ತಾರೆ. ಎಷ್ಟು ಮದುವೆಗಳಲ್ಲಿ ಇವರಿಗೆ ಊಟ ತಪ್ಪಿದೆಯೋ!

ದೊಡ್ಡಬಳ್ಳಾಪುರದ ಸುತ್ತಮುತ್ತ ನಾಟಕಕ್ಕೆ ಬೆಳಕು ಮಾಡುವುದೂ ಒಂದು ಕೆಲಸ ಎಂದು ಮೊದಲು ತೋರಿಸಿದವರು ಇವರೇ. ಅದಕ್ಕೆ ಮುಂಚೆ ಅರಮನೆಗೂ ಸ್ಮಶಾನಕ್ಕೂ ಅವೇ ಎರಡು ಟ್ಯೂಬ್‌ಲೈಟು. ಮಾವ ಅಜ್ಜಿಯ ಉಪ್ಪಿನಕಾಯಿ ಜಾಡಿಗೆ ಉಪ್ಪುನೀರು ತುಂಬಿ, ಕರೆಂಟಿನ ತಂತಿ ಕಟ್ಟಿದ ತಗಡನ್ನು ಅದರೊಳಗೆ ಇಳಿಸಿ ಏರಿಸಿ, ಬಲ್ಬುಗಳನ್ನು ನಿಧಾನಕ್ಕೆ ಮಂದ ಮಾಡಿ, ವೇದಿಕೆಯ ಮೇಲೆ ಸಂಜೆ ಮಾಡಿಬಿಟ್ಟರು. ಜಾಡಿ ಮುಟ್ಟಿದವನ ಕಥೆ ಅಷ್ಟೇ. ಜನ ಬಾಯಿಬಿಟ್ಟುಕೊಂಡು ನೋಡುತ್ತಿದ್ದರೆ ಅಜ್ಜಿ ಮುಂದಿನ ಸಾಲಿನಿಂದ, “ಸೂರ್ಯ ಮುಳುಗಿದ್ದಾಯ್ತಲ್ಲ, ನನ್ ಜಾಡಿ ಕೊಡೋ” ಎಂದರಂತೆ.

ನಮ್ಮಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಅಷ್ಟೇ. “ಈ ಬೆಳಕಲ್ಲಿ ದೇವ್ರೂ ಕಾಯಿಲೆಯವನ ಥರ ಕಾಣ್ತಾನೆ” ಎಂದು ಟ್ಯೂಬ್‌ಲೈಟ್ ಆರಿಸಿ, ನೆಲದ ಮೇಲೊಂದು ದೀಪ ಇಟ್ಟರು. ಅಕ್ಕ ಚೆನ್ನಾಗಿಯೇ ಕಂಡಳು. ಕೆಳಗಿನಿಂದ ಬೆಳಕು ಬಿದ್ದ ಹುಡುಗನ ತಾಯಿಯ ಮುಖ ನೋಡಿ ಅಕ್ಕನೇ ಈ ಸಂಬಂಧ ಬೇಡ ಎಂದಳು.

ಈ ವರ್ಷ ಮಾತ್ರ ನಗುವ ಹಾಗಿರಲಿಲ್ಲ. ಜಾಡಿ ಹೋಗಿ, ಗುಂಡಿ ತಿರುಗಿಸಿದರೆ ಬೆಳಕು ಏರಿಳಿಯುವ ಡಿಮ್ಮರ್ ಬೋರ್ಡ್ ಬಂದು ಎಷ್ಟೋ ಕಾಲವಾಗಿದೆ. ಆದರೆ ಮಾವನ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎಂದರೆ “ನಾಟಕ ಮುಗೀಲಿ” ಎನ್ನುತ್ತಿದ್ದರು. ದಿನದಿನಕ್ಕೆ ವೇದಿಕೆಯ ಮೇಲೆ ಬೆಳಕು ಏರುತ್ತಾ ಹೋಯಿತು. ತಾಲೀಮಿನಲ್ಲಿ ರಾಜನ ಮೀಸೆಯ ಅಂಟು ಕರಗಿ, ಆತ ಮೀಸೆಯನ್ನು ಕೈಯಲ್ಲಿ ಹಿಡಿದುಕೊಂಡೇ ಯುದ್ಧ ಸಾರಿದ.

ನಾಟಕದ ದಿನ ಮಧ್ಯಾಹ್ನ ನಾಟಕದ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. “ನಿಮ್ ಮಾವಂಗೆ ನೀವೇ ಹೇಳ್ಬಿಡಿ ಸಾರ್. ಸಾಯಂಕಾಲ ಹಿಂಗೇ ಆದ್ರೆ, ಇನ್ಮೇಲೆ ಬೆಂಗ್ಳೂರಿಂದ ಯಾರನ್ನಾದ್ರೂ ಕರೆಸ್ಬೇಕಾಗುತ್ತೆ.” ಬೋರ್ಡ್ ಕಿತ್ತುಕೊಂಡರೆ ಮಾವ ಬದುಕುತ್ತಾರೆಯೇ?

ಪ್ರತಿ ನಾಟಕಕ್ಕೂ ಮುಂಚೆ, ನಾಯಕಿ ನಿಲ್ಲುವ ಜಾಗದಲ್ಲಿ ಅತ್ತೆಯನ್ನು ನಿಲ್ಲಿಸಿಯೇ ಮಾವ ಬೆಳಕು ಹದ ಮಾಡುವುದು. ಅಂದು ಬೆಳದಿಂಗಳ ದೃಶ್ಯ. ಮಾವ ಗುಂಡಿ ತಿರುಗಿಸಿದರು. ಇನ್ನೂ ತಿರುಗಿಸಿದರು. ವೈರು ಕಾದ ವಾಸನೆ ಬರತೊಡಗಿತು.

“ಮಾವ, ಸಾಕು.”

“ಸುಮ್ನಿರೋ.”

“ಮಾವ, ಅತ್ತೆಗೆ ಕಣ್ಣು ಬಿಡಕ್ಕಾಗ್ತಿಲ್ಲ.”

ಅವರ ಕೈ ನಿಂತಿತು. “ಅವಳ ಮುಖ ಕಾಣೋವರ್ಗೂ ಏರಿಸೋದು ಕಣೋ. ಮೊದ್ಲಿಂದ್ಲೂ ಅಷ್ಟೇ. ಇನ್ನೂ ಕಾಣ್ತಾನೇ ಇಲ್ವಲ್ಲ” ಎಂದರು.

ನನಗೆ ಅಳು ಬಂತು. ಅಷ್ಟರಲ್ಲಿ ಅತ್ತೆ ವೇದಿಕೆ ಇಳಿದು ಬಂದಿದ್ದರು. “ಏಳಿ ಮೇಲೆ. ನೀವ್ಹೋಗಿ ನಿಂತ್ಕೊಳಿ. ಎಷ್ಟು ಬೆಳಕು ಬೇಕು ಅಂತ ಅಲ್ಲಿ ನಿಂತೂ ನಿಂತೂ ನಂಗೆ ಗೊತ್ತು.”

ಮಾವ ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿದರು. ಅತ್ತೆ ಬೋರ್ಡಿನ ಮುಂದೆ ಕೂತು ಒಂದೊಂದೇ ದೀಪ ಇಳಿಸುತ್ತಾ ಬಂದರು. ಉರಿಬಿಸಿಲು ಹೋಗಿ ಬೆಳದಿಂಗಳಾಯಿತು. ಊರಿಗೆಲ್ಲ ಬೆಳಕು ಕೊಟ್ಟವರು ಸದಾ ಕತ್ತಲಲ್ಲೇ ಕೂತಿದ್ದರಿಂದ, ಅವರನ್ನು ವೇದಿಕೆಯ ಮೇಲೆ ನಾವ್ಯಾರೂ ನೋಡಿರಲಿಲ್ಲ. ಕೈಕಟ್ಟಿ, ಸ್ವಲ್ಪ ಹೆದರಿಕೊಂಡು ನಿಂತಿದ್ದರು.

“ಇದೇ ಅಮ್ಮ, ಇಷ್ಟೇ ಇರ್ಲಿ. ಸಾಯಂಕಾಲ ನೀವೇ ಕೂತ್ಕೊಳಿ” ಎಂದರು ಹಿಂದಿನಿಂದ ಮೇಷ್ಟ್ರು.

“ಸರಿಯಾಯ್ತೇನೇ? ಇಳೀಲಾ?” ಎಂದರು ಮಾವ.

ಅತ್ತೆ ಗುಂಡಿಯಿಂದ ಕೈ ತೆಗೆಯಲಿಲ್ಲ. “ಆಗ್ಲೇ ಸರಿಯಾಯ್ತು. ಇನ್ನೊಂದ್ ಸ್ವಲ್ಪ ಹೊತ್ತು ಅಲ್ಲೇ ಇರಿ. ನೋಡ್ತಿದೀನಿ.”