ಇನ್ನೊಬ್ಬರ ತಾಟಿನ ಮೇಲೆ ಕಣ್ಣು

ಇನ್ನೊಬ್ಬರು ಉಣ್ಣುವುದನ್ನು ನೋಡುವುದು ನನಗೊಂದು ಚಟ. ತಂಬಾಕು, ಇಸ್ಪೀಟು, ನಾಟಕದ ಹುಚ್ಚು ಇವನ್ನೆಲ್ಲ ಬಿಡಿಸುವ ಉಪಾಯಗಳಿವೆಯಂತೆ. ಇದಕ್ಕೆ ಮಾತ್ರ ಈವರೆಗೆ ಯಾರೂ ಔಷಧ ಹೇಳಿಲ್ಲ. ಸಣ್ಣವನಿದ್ದಾಗ ಅವ್ವ ಇದೇ ಕಾರಣಕ್ಕೆ ನನ್ನ ಕಿವಿ ಹಿಂಡಿದ್ದುಂಟು. ನೋಡಿದರೆ ಉಣ್ಣುವವರಿಗೆ ದೃಷ್ಟಿಯಾಗುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ ಎಂಬುದು ಅವಳ ವಾದ. ಮೈಂದರ್ಗಿಯ ನಮ್ಮ ಮನೆಗೆ ಬಂದ ಬೀಗರೊಬ್ಬರು ಊಟವಾದ ಮೇಲೆ ಹೊಟ್ಟೆ ಹಿಡಿದುಕೊಂಡು ಹೊರಳಾಡಿದಾಗ, ಅವರು ಉಂಡದ್ದು ಹನ್ನೊಂದು ಹೋಳಿಗೆ ಎಂಬುದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನನ್ನೇ ಹಿಡಿದರು. ಹನ್ನೊಂದು ಎಂದು ಎಲ್ಲರೆದುರು ಹೇಳಿದವನೂ ನಾನೇ ಆದ್ದರಿಂದ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

ದೊಡ್ಡವನಾದ ಮೇಲೆ ಸೊಲ್ಲಾಪುರದಲ್ಲಿ ಒಬ್ಬ ಸಾವಕಾರರ ಜವಳಿ ಅಂಗಡಿಗೆ ಗುಮಾಸ್ತನಾಗಿ ಸೇರಿದೆ. ಹೆಂಡತಿ ನೀಲವ್ವ ಮೈಂದರ್ಗಿಯಲ್ಲಿ ಅವ್ವನ ಹತ್ತಿರ ಉಳಿದಳು. ತಿಂಗಳಿಗೊಮ್ಮೆ ನಾನು ರೈಲು ಹತ್ತಿ ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ಇಳಿದು, ಅಲ್ಲಿಂದ ಸರ್ವೀಸ್ ಮೋಟಾರು ಸಿಕ್ಕರೆ ಮೋಟಾರಿನಲ್ಲಿ, ಸಿಗದಿದ್ದರೆ ಯಾರದಾದರೂ ಬಂಡಿಯಲ್ಲಿ ಊರು ಮುಟ್ಟುತ್ತಿದ್ದೆ. ಉಳಿದ ದಿನಗಳಲ್ಲಿ ನನಗೆ ಖಾನಾವಳಿಯೇ ಗತಿ. ಆ ಖಾನಾವಳಿಯ ಸಾರು ಎಷ್ಟು ತಿಳಿಯಾಗಿತ್ತೆಂದರೆ, ಬಟ್ಟಲಿನೊಳಗೆ ಬಗ್ಗಿ ನೋಡಿದರೆ ನನ್ನ ಮುಖ ಮೀಸೆ ಸಮೇತ ಕಾಣುತ್ತಿತ್ತು. ದಿನಕ್ಕೆರಡು ಸಲ ಅದೇ ಮುಖ ನೋಡಿ ನೋಡಿ ನನಗೆ ಊಟವೇ ಬೇಸರವಾಗಿತ್ತು.

ಅಂಗಡಿಯಿಂದ ಖಾನಾವಳಿಗೆ ಹೋಗುವ ದಾರಿಯಲ್ಲಿ, ಪೇಟೆಯ ನಟ್ಟನಡುವೆ ಒಂದು ಭಾರೀ ಹೊಟೇಲಿತ್ತು. ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿಯ ಗಿರಾಕಿಗಳ ಹೊಟ್ಟೆನೋವೆಲ್ಲ ನನ್ನ ತಲೆಗೆ ಬರುತ್ತದೆ. ನುಣುಪಾದ ಬಿಳಿ ಸಂಗಮರವರಿ ಕಲ್ಲಿನ ಮೇಜುಗಳು, ಮೇಲೆ ಗರಗರ ತಿರುಗುವ ವಿದ್ಯುತ್ ಪಂಖಾ, ಗೋಡೆಯುದ್ದಕ್ಕೂ ಆಳೆತ್ತರದ ಕನ್ನಡಿ. ಬಡಿಸುವವರು ಕೆಂಪು ಪಟ್ಟಿಯ ರುಮಾಲು ಸುತ್ತಿ ಗಂಭೀರವಾಗಿ ಓಡಾಡುತ್ತಿದ್ದರು. ಮಿಲ್ಲಿನ ಮಧ್ಯಾಹ್ನದ ಭೋಂಗಾ ಕೂಗುವ ಹೊತ್ತಿಗೆ ನಾನು ಆ ಹೊಟೇಲಿನ ಎದುರು ಚಪ್ಪಲಿಯ ಉಂಗುಷ್ಟದ ಬಾರು ಸರಿಪಡಿಸಿಕೊಳ್ಳುವ ನೆವದಲ್ಲಿ ನಿಲ್ಲುತ್ತಿದ್ದೆ. ನಾಲ್ಕು ವರ್ಷ ಆ ಉಂಗುಷ್ಟ ಸರಿಯಾಗಲೇ ಇಲ್ಲ. ಯಾವ ವಕೀಲರು ಪೂರಿಯನ್ನು ಹೇಗೆ ಮಡಚುತ್ತಾರೆ, ಯಾವ ಮಿಲ್ಲಿನ ಮ್ಯಾನೇಜರರು ಚಹವನ್ನು ಬಶಿಗೆ ಸುರಿದುಕೊಂಡು ಎಷ್ಟು ಸಲ ಊದುತ್ತಾರೆ, ಎಲ್ಲ ನನಗೆ ಬಾಯಿಪಾಠ.

ಒಮ್ಮೆ ಒಳಗೂ ಹೋಗಿದ್ದೆ, ಆದರೆ ಉಣ್ಣಲಿಕ್ಕಲ್ಲ. ಸಾವಕಾರರು ಮುಂಬಯಿಯ ವ್ಯಾಪಾರಿಗಳನ್ನು ಅಲ್ಲಿಗೆ ಊಟಕ್ಕೆ ಕರೆದೊಯ್ದಾಗ ಚಾದರದ ನಮೂನೆಗಳ ಗಂಟು ಹಿಡಿದು ಗೋಡೆಗೆ ಆತು ನಿಂತಿದ್ದೆ. ವ್ಯಾಪಾರಿಗಳು ಶ್ರೀಖಂಡದಲ್ಲಿ ಪೂರಿ ಅದ್ದುತ್ತ, ಈ ಚಾದರದ ಬಣ್ಣ ನಿಲ್ಲುತ್ತದೆಯೇ ಎಂದು ಕೇಳಿದರು. ನಾನು ಅವರ ಬೆರಳ ತುದಿಯನ್ನೇ ನೋಡುತ್ತ, ಕೇಸರಿ ಹಾಕಿದ್ದಾರೆ, ನಿಲ್ಲದೆ ಏನು ಎಂದುಬಿಟ್ಟೆ. ಸಾವಕಾರರು ಮೂರು ದಿನ ನನ್ನೊಂದಿಗೆ ಮಾತಾಡಲಿಲ್ಲ.

ಊರಿಗೆ ಹೋದಾಗೆಲ್ಲ ನನ್ನ ಬಾಯಲ್ಲಿ ಅದೇ ಹೊಟೇಲು. ನಾನು ಮಣೆಯ ಮೇಲೆ ಕುಳಿತು ಉಣ್ಣುತ್ತ ವರ್ಣಿಸುವುದು, ನೀಲವ್ವ ರೊಟ್ಟಿ ಬಡಿಯುತ್ತ ಕೇಳುವುದು. ಕೇಳಿ ಕೇಳಿ ಅಲ್ಲಿ ಎಷ್ಟು ಪಂಖಾಗಳಿವೆ ಎಂಬುದೂ ಅವಳಿಗೆ ಗೊತ್ತಾಗಿತ್ತು. ಕುರ್ಚಿಯ ಮೇಲೆ ಕಾಲು ಇಳಿಬಿಟ್ಟು ಕುಳಿತರೆ ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತದೆಯೋ ಕಾಲಿಗಿಳಿಯುತ್ತದೆಯೋ ಎಂದು ಒಮ್ಮೆ ಕೇಳಿ ನಕ್ಕಿದ್ದಳು. ನಕ್ಕು, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ಮೆಲ್ಲಗೆ, "ಒಮ್ಮಿ ನೋಡಬೇಕಲ್ರಿ ಅದನ್ನ" ಎಂದಳು. ಮದುವೆಯಾದ ಹದಿನೈದು ವರ್ಷಗಳಲ್ಲಿ ಆಕೆ ನನ್ನ ಹತ್ತಿರ ಬೇಕೆಂದು ಕೇಳಿದ್ದು ಅದೊಂದೇ. ಅಂದಿನಿಂದ ನನಗೆ ಆ ಹೊಟೇಲಿನ ಆಶೆ ಬೇರೆಯದೇ ಆಯಿತು. ಪಂಖಾದ ಕೆಳಗೆ ನಾನು ಕೂಡುವುದಲ್ಲ, ನನ್ನೆದುರಿನ ಕುರ್ಚಿಯಲ್ಲಿ ಆಕೆ ಕೂಡಬೇಕು. ಖಾನಾವಳಿಯ ಸಾರಿನಲ್ಲಿ ಮೀಸೆ ನೋಡಿಕೊಳ್ಳುವಾಗೆಲ್ಲ ಅದೇ ನೆನಪಾಗುತ್ತಿತ್ತು.

ನನ್ನ ತಂಗಿಯ ಮಗಳ ಮದುವೆಯ ಜವಳಿ ತೆಗೆಯುವ ನೆಪ ಒದಗಿ ಬಂತು. ನೀಲವ್ವನನ್ನು ಮೂರು ದಿನದ ಮಟ್ಟಿಗೆ ಸೊಲ್ಲಾಪುರಕ್ಕೆ ಕರೆತಂದೆ. ಎರಡನೆಯ ದಿನ ಮಧ್ಯಾಹ್ನ ಆಕೆ ಇಳಕಲ್ಲ ಸೀರೆ ಉಟ್ಟು, ನಾನು ಸಾವಕಾರರ ಅಂಗಡಿಯ ಇಸ್ತ್ರಿ ಮಾಡಿದ ಕೋಟು ತೊಟ್ಟು, ಹೊಟೇಲಿನ ಮೆಟ್ಟಿಲು ಹತ್ತಿದೆವು. ಹೆಂಗಸರು ಜೊತೆಗಿದ್ದವರಿಗೆಂದು ಪರದೆ ಬಿಟ್ಟ ಖೋಲಿಗಳಿದ್ದವು; ಅಂಥದೊಂದರಲ್ಲಿ ನಮ್ಮನ್ನು ಕೂಡಿಸಿದರು. ನೀಲವ್ವ ಕುರ್ಚಿಯ ಅಂಚಿನಲ್ಲಿ ಕುಳಿತಳು, ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಎರಡೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿದಳು. ರುಮಾಲಿನವನು ಎರಡು ತಾಟು ತಂದಿಟ್ಟ. ಪೂರಿ, ಬಟಾಟೆ ಭಾಜಿ, ಮಸಾಲೆ ಅನ್ನ, ಬಟ್ಟಲು ತುಂಬ ಶ್ರೀಖಂಡ.

ನಾಲ್ಕು ವರ್ಷದ ಹಸಿವು ನನ್ನದು. ಉಂಡೆ, ಮಾತಾಡಿದೆ, ಮತ್ತೆ ಉಂಡೆ. ಆ ವಕೀಲರ ಪೂರಿಯ ಕಥೆ ಹೇಳಿದೆ, ಮ್ಯಾನೇಜರರು ಬಶಿ ಹಿಡಿದು ಊದುವುದನ್ನು ಮಾಡಿ ತೋರಿಸಿದೆ. ನನ್ನ ತಾಟಿನ ಪೂರಿ ಮುಗಿಯುವುದೇ ಇಲ್ಲವಲ್ಲ, ದೊಡ್ಡ ಹೊಟೇಲೆಂದರೆ ಹೀಗಿರಬೇಕು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ರುಮಾಲಿನವನು ಬಂದು ಇನ್ನೇನು ಬೇಕೆಂದು ಮರಾಠಿಯಲ್ಲಿ ಕೇಳಿದಾಗ, ನಮ್ಮ ಕಡೆಯ ರೀತಿಯಂತೆ ತಾಟಿನ ಮೇಲೆ ಕೈ ಅಡ್ಡ ಹಿಡಿದು ಸಾಕು ಎಂದೆ. ನಮ್ಮಲ್ಲಿ ಮೊದಲನೆಯ ಸಾಕು ಅಂದರೆ ಬಡಿಸು ಎಂದೇ ಅರ್ಥ. ಎರಡು ಸಲ ಒತ್ತಾಯ ಮಾಡಿಸಿಕೊಂಡ ಮೇಲೆ ಒಲ್ಲೆ ಒಲ್ಲೆ ಎನ್ನುತ್ತ ಹಾಕಿಸಿಕೊಳ್ಳುವುದು ಮರ್ಯಾದೆ. ಆ ಪುಣ್ಯಾತ್ಮ ಒಂದೇ ಮಾತಿಗೆ ನಂಬಿ ಹೊರಟುಹೋದ. ನಾನು ಕೈ ತೊಳೆಯಲು ಎದ್ದೆ. ನಲ್ಲಿ, ಸುವಾಸನೆಯ ಸಾಬೂನು, ಮೇಲೊಂದು ಕನ್ನಡಿ, ಎಲ್ಲವನ್ನೂ ಸಾವಕಾಶವಾಗಿ ಅನುಭವಿಸಿ ಮರಳಿ ಬಂದಾಗ ಮೇಜು ಒರೆಸಿ ಸ್ವಚ್ಛ ಮಾಡಿದ್ದರು. ನೀಲವ್ವ ಕಾಲು ಕೆಳಗಿಳಿಸಿ, ಕೈ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಹೇಗಿತ್ತು ಎಂದೆ. ಪಂಖಾ ಬಹಳ ಚಲೋ ಐತಿ ಎಂದಳು.

ಅಂಗಡಿಯ ಹಿಂದಿನ ನನ್ನ ಖೋಲಿಗೆ ಬಂದದ್ದೇ ಆಕೆ ಊರಿಂದ ತಂದ ರೊಟ್ಟಿಯ ಗಂಟು ಬಿಚ್ಚಿದಳು. ಬಿಚ್ಚಿ, ಸಂಕೋಚದಿಂದ, "ನೀವು ಒಂದೀಟು ಹೊರಗ ಹೋಗಿ ಬರ್ರಿ, ನಾ ಉಣ್ತೀನಿ" ಎಂದಳು. ಈಗಷ್ಟೇ ಉಂಡು ಬಂದೆವಲ್ಲ ಎಂದು ನಾನು ಕಣ್ಣು ಬಿಟ್ಟೆ.

"ನಾ ಎಲ್ಲಿ ಉಂಡೆರೀ? ನಿಮ್ಮದು ಆಗ್ಲಿ, ಆಮ್ಯಾಲ ನಿಮ್ಮ ತಾಟಿನ್ಯಾಗ ಉಣ್ಣೂಣು ಅಂತ ಕುಂತಿದ್ದೆ. ನೀವು ಕೈ ತೊಳಿಯಾಕ ಹೋದ್ರಿ, ಅಂವ ಬಂದು ಎರಡೂ ತಾಟು ಎತ್ತಿಕೊಂಡು ಹೋದ."

ಮುಗಿಯದ ಪೂರಿಗಳ ಗುಟ್ಟು ಆಗ ತಿಳಿಯಿತು. ನಾನು ವಕೀಲರ ಕಥೆ ಹೇಳುತ್ತಿದ್ದಾಗ ಆಕೆ ತನ್ನ ತಾಟಿನದನ್ನು ಒಂದೊಂದಾಗಿ ನನ್ನ ತಾಟಿಗೆ ಬಡಿಸುತ್ತ ಹೋಗಿದ್ದಳು. ಗಂಡ ಉಂಡೆದ್ದ ಮೇಲೆ ಅವನ ತಾಟಿನಲ್ಲಿ ಉಣ್ಣುವುದು ನಮ್ಮ ಮನೆಯ ಪದ್ಧತಿ. ಅದು ಹೊಟೇಲಿನವನಿಗೆ ಗೊತ್ತಿಲ್ಲ, ಸರಿ, ನನಗೇನಾಗಿತ್ತು? ನಾನು ಹೊರಗೆ ಮೆಟ್ಟಿಲ ಮೇಲೆ ಕುಳಿತೆ. ಒಳಗಿನಿಂದ ಖಡಕ್ ರೊಟ್ಟಿ ಮುರಿಯುವ ಸಪ್ಪಳ ಕೇಳುತ್ತಿತ್ತು. ಊರ ಮಂದಿಯ ತುತ್ತು ಎಣಿಸಿದವನು ನಾನು. ನನ್ನ ಹೆಂಡತಿ ಉಣ್ಣುವುದನ್ನು ಹದಿನೈದು ವರ್ಷಗಳಲ್ಲಿ ಒಂದು ಸಲವೂ ನೋಡಿರಲಿಲ್ಲ. ಆಕೆಗೆ ಸಿಹಿ ಸೇರುತ್ತದೆಯೋ ಖಾರವೋ, ಬೇಗ ಉಣ್ಣುತ್ತಾಳೋ ನಿಧಾನವೋ, ಏನೂ ಗೊತ್ತಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಆ ಬಾಗಿಲು ತೆರೆದು ಒಂದು ಸಲ ನೋಡಬೇಕೆಂಬ ಆಶೆ ಎದೆಯಲ್ಲಿ ತುಂಬಿಕೊಂಡಿತು. ಮುಂಬಯಿ ವ್ಯಾಪಾರಿಗಳ ಶ್ರೀಖಂಡದ ಮೇಲೂ ನನಗೆ ಅಷ್ಟು ಆಶೆಯಾಗಿರಲಿಲ್ಲ.

ಮರುದಿನ ಸಂಜೆಯ ಗಾಡಿಗೆ ಆಕೆ ಊರಿಗೆ ಮರಳಬೇಕು. ಮಧ್ಯಾಹ್ನ ಮತ್ತೆ ಹೊಟೇಲಿಗೆ ಹೋಗೋಣ ಎಂದೆ. ಆಕೆ ಒಪ್ಪಲಿಲ್ಲ. ನನ್ನದು ಸಾವಕಾರರ ಮನೆಯಲ್ಲಿ ಊಟವಾಗಿದೆ, ಇನ್ನು ನೀನು ಮೊದಲು ಉಣ್ಣುವ ಪ್ರಶ್ನೆಯೇ ಇಲ್ಲ ಎಂದೆ. ಅದು ಸುಳ್ಳು. ಬೆಳಗಿನಿಂದ ನಾನು ಹೊಟ್ಟೆಗೆ ಹಾಕಿದ್ದು ಒಂದು ಕಪ್ ಚಹ.

"ನೀವು ನೋಡಕೋತ ಕುಂತ್ರ ನನಗ ತುತ್ತು ಇಳಿಯೂದಿಲ್ರಿ" ಎಂದಳು.

ಹಾಗಾದರೆ ನಿನಗೆ ಬೆನ್ನು ಮಾಡಿ ಕೂಡುತ್ತೇನೆ ಎಂದು ಮಾತು ಕೊಟ್ಟು ಕರೆದೊಯ್ದೆ. ಆ ದಿನ ಪರದೆಯ ಖೋಲಿಗಳು ಖಾಲಿಯಿರಲಿಲ್ಲ; ದೊಡ್ಡ ಹಾಲಿನ ಮೂಲೆಯಲ್ಲಿ ಜಾಗ ಸಿಕ್ಕಿತು. ಒಂದೇ ತಾಟು ತರಿಸಿದೆ. ಕುರ್ಚಿ ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ ಕುಳಿತೆ. ಗಂಡ ಹೆಂಡಿರ ನಡುವೆ ಭಾರೀ ಜಗಳವಾಗಿದೆಯೆಂದು ತಿಳಿದು ರುಮಾಲಿನವನು ನನ್ನ ಕಡೆ ಮರುಕದಿಂದ ನೋಡಿದ. ಗೋಡೆಯ ಮೇಲೆ ಆಳೆತ್ತರದ ಕನ್ನಡಿಯಿತ್ತು. ಅದು ನನಗೆ ಮೊದಲೇ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ನಿಮ್ಮ ಹತ್ತಿರ ಸುಳ್ಳೇಕೆ ಹೇಳಲಿ?

ಆಕೆ ಮೊದಲು ಉಪ್ಪು ಮುಟ್ಟಿ ನೋಡಿದಳು. ಪೂರಿಯನ್ನು ನಾಲ್ಕು ತುಂಡು ಮಾಡಿ ಅಂಚಿಗೆ ಜೋಡಿಸಿಕೊಂಡಳು. ಭಾಜಿಯಲ್ಲಿ ಸಿಕ್ಕ ಹಸಿಮೆಣಸಿನಕಾಯಿಯನ್ನು ಬದಿಗೆ ಸರಿಸುತ್ತಾಳೆಂದುಕೊಂಡರೆ ಅದನ್ನೇ ಮೊದಲು ಕಡಿದಳು. ಶ್ರೀಖಂಡವನ್ನು ಬೆರಳ ತುದಿಯಲ್ಲಿ ತುಸುವೇ ತೆಗೆದು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಲ್ಲೇ ಒಬ್ಬಳೇ ನಕ್ಕಳು. ಹುಡುಗಿಯಾಗಿದ್ದಾಗ ಆಕೆ ಹೀಗೇ ನಗುತ್ತಿದ್ದಿರಬೇಕು. ನಮ್ಮ ಮನೆಗೆ ಬಂದ ಮೇಲೆ ಒಲೆಯ ಮುಂದೆ ಒಬ್ಬಳೇ ಕುಳಿತು ಎಷ್ಟು ಸಲ ಹೀಗೆ ನಕ್ಕಿದ್ದಳೋ, ನಾನು ಹೊರಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ. ರುಮಾಲಿನವನು ಬಂದು ಇನ್ನೂ ಬೇಕೇ ಎಂದ. ಆಕೆ ತಾಟಿನ ಮೇಲೆ ಕೈ ಅಡ್ಡ ಹಿಡಿದಳು. ಅವನು ತಿರುಗುವಷ್ಟರಲ್ಲಿ ನಾನು ಗೋಡೆಗೇ ಹೇಳುವವನಂತೆ, ಅವರು ಹಾಗೇ ಅನ್ನುತ್ತಾರೆ, ನೀನು ಬಡಿಸು ಎಂದೆ.

ಅಲ್ಲಿಗೆ ನನ್ನ ಕಳ್ಳತನ ಬಯಲಾಯಿತು. ಬೆನ್ನು ಮಾಡಿ ಕುಳಿತವನಿಗೆ ತನ್ನ ಕೈ ಕಂಡದ್ದು ಹೇಗೆ ಎಂದು ನೀಲವ್ವ ತಲೆಯೆತ್ತಿದಳು. ಕನ್ನಡಿಯಲ್ಲಿ ನಮ್ಮ ಕಣ್ಣು ಕೂಡಿದವು. ಆಕೆಯ ಕೈ ನಿಂತಿತು. ನಾನು ಮಾಡಿದ ದೃಷ್ಟಿಗೆ ಶ್ರೀಖಂಡವೇ ಒಡೆದುಹೋಗಬೇಕಿತ್ತು. ಆಕೆ ಬಹಳ ಹೊತ್ತು ನೋಡಿದಳು, ಸಿಟ್ಟಾಗಲಿಲ್ಲ. ತಾಟನ್ನು ಮೇಜಿನ ಈಚೆಗೆ ಸರಿಸಿ, "ಈ ಕಡೆ ತಿರುಗ್ರಿ" ಎಂದಳು. "ಸಾವಕಾರರ ಮನ್ಯಾಗ ಉಂಡಾವ್ರ ಮಾರಿ ಹಿಂಗ ಇರೂದಿಲ್ಲ. ಉಣ್ರಿ."

ತಾಟಿನಲ್ಲಿ ಎರಡೂವರೆ ಪೂರಿ, ಅರ್ಧ ಬಟ್ಟಲು ಶ್ರೀಖಂಡ ಉಳಿದಿತ್ತು. ಹೆಂಡತಿ ಉಂಡ ತಾಟಿನಲ್ಲಿ ಗಂಡ ಉಂಡದ್ದನ್ನು ನಮ್ಮ ಕುಲದಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ನಾನು ಉಂಡೆ. ನಡುವೆ ರುಮಾಲಿನವನು ತಾಟೆತ್ತಲು ಬಂದ. ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ. ನೀಲವ್ವ ಎದುರು ಕುಳಿತು, ನಾನು ಉಣ್ಣುವುದನ್ನು ಎಂದಿನಂತೆ ನೋಡಿದಳು.

ಸಂಜೆ ಗಾಡಿ ಹೋಯಿತು. ಆಮೇಲೆ ಆ ಹೊಟೇಲಿನ ಎದುರು ನನ್ನ ಉಂಗುಷ್ಟ ಮತ್ತೆ ಸಡಿಲಾಗಲಿಲ್ಲ. ವಕೀಲರು ಪೂರಿ ಹೇಗಾದರೂ ಮಡಚಲಿ, ನನಗೆ ಬೇಕಾದವರು ಅಲ್ಲಿರಲಿಲ್ಲ. ಮುಂದಿನ ಸಲ ಊರಿಗೆ ಹೋಗುವಾಗ ಪೇಟೆಯಲ್ಲಿ ಒಂದು ಒಳ್ಳೆಯ ಕನ್ನಡಿ ಕೊಂಡು, ಚಾದರದಲ್ಲಿ ಸುತ್ತಿ, ಮೋಟಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ. ಅಡಿಗೆಮನೆಯಲ್ಲಿ ಹಾಕಬೇಕು ಎಂದೆ. ಅಡಿಗೆಮನೆಯಲ್ಲಿ ಕನ್ನಡಿ ಹಾಕುವುದನ್ನು ಏಳೂರಲ್ಲಿ ಕಂಡಿಲ್ಲ ಎಂದು ಅವ್ವ ಗೊಣಗಿದಳು. ನೀಲವ್ವ ಸೆರಗಿನ ತುದಿಯಿಂದ ಅದನ್ನು ಒರೆಸಿ, ತಾನೇ ಮೊಳೆ ಹೊಡೆದು, ಸರಿಯಾಗಿ ನನ್ನ ಮಣೆಯ ಎದುರಿಗೆ ತೂಗುಹಾಕಿದಳು. ಆಕೆ ಕೂಡುವ ಒಲೆಯ ಮೂಲೆ ಅದರಲ್ಲಿ ಯಾವ ಕಡೆಯಿಂದಲೂ ಕಾಣುವುದಿಲ್ಲ. ಈಗ ಊರಿಗೆ ಹೋದಾಗೆಲ್ಲ ನಾನು ಉಣ್ಣುವುದನ್ನು ನಾನೇ ನೋಡುತ್ತೇನೆ. ಅಷ್ಟು ಚಂದದ ನೋಟವೇನಲ್ಲ.