ಸೊನ್ನೆ ಗಂಟೆಗೆ ಕರು ಹಾಕುವ ಹಸು

ನಾನು ಕಾಲಿಟ್ಟ ಕಡೆಯೆಲ್ಲ ತಾರೀಖು ಕೆಡುತ್ತದೆ. ಮೊಂಬಾಸಾದ ಬಂದರಿನಲ್ಲಿ ಒಂದು ಹಡಗು ಹೊರಡುವ ಮೊದಲೇ ತಲುಪಿಬಿಟ್ಟಿತ್ತು. ಕಠ್ಮಂಡುವಿನಲ್ಲಿ, ಐವತ್ತು ಚಿಲ್ಲರೆ ವರ್ಷ ಮುಂದೋಡುವ ಅಲ್ಲಿನ ಪಂಚಾಂಗದ ದಯೆಯಿಂದ, ಒಂದು ಪಟ್ಟಿಯ ಪ್ರಕಾರ ನನಗೆ ನೂರು ವರ್ಷ ದಾಟಿತ್ತು. ಊರೂರು ತಿರುಗಿ ಇಂಥ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಸರಿಮಾಡುವುದೇ ನನ್ನ ಹೊಟ್ಟೆಪಾಡು. ಆದರೂ ಗುಂಡ್ಲುಪೇಟೆಯ ಮೂರು ತಿಂಗಳಲ್ಲಿ ಬೆಚ್ಚಿಬಿದ್ದಷ್ಟು ನಾನು ಇನ್ನೆಲ್ಲೂ ಬಿದ್ದಿಲ್ಲ.

ಕೆಲಸ ಇಷ್ಟೆ. ಹಸುವಿಗೆ ಗಬ್ಬದ ಸೂಜಿ ಹಾಕಿಸಿದ ದಿನ ಒಂದು ಕಾಲಂನಲ್ಲಿರುತ್ತದೆ. ಅದಕ್ಕೆ ಇನ್ನೂರ ಎಂಬತ್ತು ದಿನ ಕೂಡಿಸಬೇಕು. ಬಂದ ತಾರೀಖು ಕಂಪ್ಯೂಟರಿಗೆ ಬರೀ ಲೆಕ್ಕ, ಅದನ್ನು ಓದುವಂಥ ಅಕ್ಷರ ಮಾಡಬೇಕು, ಯಾಕೆಂದರೆ ಮೊಬೈಲ್ ಸಂದೇಶದೊಳಗೆ ಅಕ್ಷರವೇ ಹೋಗಬೇಕು. ಹಸುವಿನ ಮನೆಯವರಿಗೆ ವಾರ ಮೊದಲು ಒಂದು ಸಂದೇಶ, ಅದೇ ದಿನ ಬೆಳಗ್ಗೆ ಹನ್ನೊಂದಕ್ಕೆ ಇನ್ನೊಂದು. ಅದೇ ಪಟ್ಟಿ ದನದ ಡಾಕ್ಟರಿಗೂ ಹೋಗುತ್ತದೆ. ಹರವೆಯಿಂದ ಭೀಮನಬೀಡಿನ ತನಕ ಅವರೊಬ್ಬರೇ, ಅವರ ಬೈಕೂ ಒಂದೇ. ಪಟ್ಟಿಯ ಮೇಲಿನ ಸಾಲು ಹೇಳಿದತ್ತ ಬೈಕು.

ಮೊದಲ ದಿನವೇ ಭೀಮನಬೀಡಿನ ಒಬ್ಬ ಅಜ್ಜಿ ನನ್ನ ಕೋಣೆಯ ಮೆಟ್ಟಿಲು ಹತ್ತಿ ಬಂದರು. ಹೋದ ಸಲ ಅವರ ಕೆಂಪು ಹಸುವಿನ ಕರು ಹೊಟ್ಟೆಯಲ್ಲೇ ಕಾಲು ಮಡಿಚಿಕೊಂಡು ಸಿಕ್ಕಿಬಿದ್ದಾಗ ಡಾಕ್ಟರು ಹರವೆಯಲ್ಲಿದ್ದರಂತೆ. ಕರು ಉಳಿಯಲಿಲ್ಲ, ಹಸು ಉಳಿದದ್ದೇ ಹೆಚ್ಚು.

"ನಂಗೆ ಮೆಸೇಜು ಗಿಸೇಜು ಬ್ಯಾಡ ಕಣಮ್ಮಿ," ಅಂದರು. "ಹಸ ಈಯೋ ದಿನ ಡಾಕ್ಟ್ರು ನಮ್ಮ ಕೊಟ್ಗೇಲಿರ್ಬೇಕು. ಅಷ್ಟು ಮಾಡ್ಬುಡು."

"ಅದೇನು ಮಹಾ ಅಜ್ಜಿ, ಒಂದು ಸಾಲಿನ ಕೆಲಸ," ಅಂದೆ.

೧. ಹರವೆಯ ಜಾಗರಣೆ

ಒಂದು ವಾರ ಕಳೆದಿರಬೇಕು. ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಹರವೆಯಿಂದ ಫೋನು.

"ಮೇಡಂ, ಹಸೀನ ಮೆಸೇಜ್ ಕಳ್ಸೋರು ನೀವೇನಾ?"

"ಹೌದು."

"ರಾತ್ರಿ ಒಂಬತ್ತು ಜನ ಕೊಟ್ಗೇಲಿ ಕುಂತಿದ್ದೋ. ನಮ್ ಭಾವ ಚಾಮರಾಜನಗರದಿಂದ ಬಂದವ್ನೆ."

"ರಾತ್ರಿ ಯಾಕೆ?"

"ನೀವೇ ಬರ್ದಿದ್ದೀರಲ್ಲ ಮೇಡಂ? ಸೊನ್ನೆ ಗಂಟೆ, ಸೊನ್ನೆ ನಿಮಿಷ, ಸೊನ್ನೆ ಸೆಕೆಂಡು ಅಂತ. ನಮ್ಮೆಂಗ್ಸು ಸೆಕೆಂಡು ಮುಳ್ಳಿರೋ ಗಡಿಯಾರನ ಗೋಡೆಯಿಂದ ಬಿಚ್ಕೊಂಡು ಬಂದಿದ್ಲು."

ನನ್ನ ಬಾಯಲ್ಲಿದ್ದ ನೊರೆ ಹಾಗೇ ಗಂಟಲಿಗಿಳಿಯಿತು. ತಾರೀಖಿನ ಜೊತೆ ವೇಳೆ ಕೊಡದಿದ್ದರೆ ಕಂಪ್ಯೂಟರು ಅದನ್ನು ನಡುರಾತ್ರಿ ಅಂದುಕೊಳ್ಳುತ್ತದೆ. ಹೇಗೆ ಬರೆಯಬೇಕೆಂದು ಹೇಳದೆ ಅಕ್ಷರ ಮಾಡು ಅಂದರೆ, ಆ ಆರು ಸೊನ್ನೆಗಳನ್ನೂ ನಿಷ್ಠೆಯಿಂದ ಬರೆಯುತ್ತದೆ. ನಾನು ಹೇಳಿರಲಿಲ್ಲ.

"ಕೊನೆಗೆ ಏನಾಯ್ತು?" ಅಂದೆ, ಸಣ್ಣ ದನಿಯಲ್ಲಿ.

"ಟೈಮಿಗೆ ಸರ್ಯಾಗಿ ಹಾಕ್ತು ಮೇಡಂ."

"ಕರುವಾ!"

"ಸಗಣಿ."

೨. ತೆರಕಣಾಂಬಿಯ ಅದೃಷ್ಟ

ಸೊನ್ನೆಗಳನ್ನು ಕತ್ತರಿಸಿ ಹಾಕಿದೆ. ಆಮೇಲೆ ಸೂಜಿ ಹಾಕಿಸಿದ ದಿನಗಳ ಹೊಸ ಪಟ್ಟಿ ಬಂತು. ಅದನ್ನು ತುಂಬಿದವರು ಒಂದೊಂದು ಪುಟವನ್ನು ಒಂದೊಂದು ಥರ ತುಂಬಿದ್ದರು. ಕಂಪ್ಯೂಟರಿನ ಈ ಲೆಕ್ಕದ ಹಾಳೆಗಳು ಒಳಗೊಳಗೆ ತಾರೀಖನ್ನು ದಿನಗಳ ಎಣಿಕೆಯಾಗಿ ಇಟ್ಟುಕೊಂಡಿರುತ್ತವೆ, ನೂರಿಪ್ಪತ್ತು ಚಿಲ್ಲರೆ ವರ್ಷದ ಹಿಂದಿನಿಂದ ಎಣಿಸುತ್ತ. ಹಾಳೆಯ ಕೆಲವು ಚೌಕಗಳಲ್ಲಿ ತಾರೀಖಿನ ವೇಷ ಕಳಚಿ ಬರೀ ಆ ಎಣಿಕೆ ಉಳಿದಿತ್ತು. ನನ್ನ ಪ್ರೋಗ್ರಾಂ ಅದನ್ನೂ ಅಕ್ಷರ ಮಾಡಿ ಕಳಿಸಿತು.

ತೆರಕಣಾಂಬಿಯ ಒಬ್ಬ ಬಾಳೆಕಾಯಿ ವ್ಯಾಪಾರಿಗೆ ಹೋದ ಸಂದೇಶ ಹೀಗಿತ್ತು: 'ನಿಮ್ಮ ಹಸು ಕರು ಹಾಕುವ ದಿನ 45750.'

ತಪ್ಪೊಪ್ಪಿಕೊಳ್ಳಲು ನಾನೇ ಫೋನು ಮಾಡಿದೆ. "ಸ್ವಾಮಿ, ನಿಮಗೊಂದು ನಂಬರು ಬಂದಿದೆಯಲ್ಲ, ಅದು..."

"ಅಯ್ಯೋ ತಾಯಿ, ನೀವೇನಾ!" ಆತನ ದನಿ ಗದ್ಗದವಾಯಿತು. "ಬಾಳೆಕಾಯಿ ಲಾರಿ ಜೊತೆ ಕೇರಳಕ್ಕೆ ಓಗಿದ್ದೆ. ಬಸವಣ್ಣನೇ ಹಸೀನ ಕೈಲಿ ನಂಬರ್ ಕೊಡ್ಸವ್ನೆ ಅಂದ್ಬುಟ್ಟು, ಅದೇ ಕೊನೆ ಅಂಕಿ ಇರೋ ಲಾಟ್ರಿ ಹುಡ್ಕಿ ತಕೊಂಡೆ. ಬಂತು ಕಣವ್ವ! ಸಣ್ಣದೇ, ಆದ್ರೂ ಬಂತು!"

ಅದು ತಪ್ಪು, ಸರಿಯಾದ ದಿನ ಏಪ್ರಿಲ್ ಮೂರು ಎಂದು ತೊದಲಿದೆ.

"ಅದಿರ್ಲಿ ಬುಡಿ. ಕೊಟ್ಗೇಲಿ ಇನ್ನೊಂದು ಹಸ ಅದೆ. ಅದ್ರುದ್ದು ಯಾವಾಗ ಕಳಿಸ್ತೀರಿ?"

೩. ಡಾಕ್ಟರ ಊಟ

ಮಾರ್ಚಿನ ನಡುವೆ ಒಂದು ಮಧ್ಯಾಹ್ನ ಡಾಕ್ಟರೇ ಫೋನು ಮಾಡಿದರು. ಪಟ್ಟಿ ಪ್ರಕಾರ ಭೀಮನಬೀಡಿನ ಅಜ್ಜಿಯ ಕೊಟ್ಟಿಗೆಯಲ್ಲಿದ್ದರು.

"ಮೇಡಂ, ಬೆಳಗ್ಗೆಯಿಂದ ಕೂತಿದೀನಿ. ಹಸು ನನ್ನ ಮುಖ ನೋಡುತ್ತೆ, ನಾನು ಅದರ ಮುಖ ನೋಡ್ತೀನಿ. ಇದಕ್ಕೆ ಇನ್ನೂ ಒಂದು ತಿಂಗಳಿದೆ."

ಪಟ್ಟಿ ತೆರೆದು ನೋಡಿದೆ. ಅಜ್ಜಿಯ ಹಸುವಿಗೆ ಸೂಜಿ ಹಾಕಿಸಿದ ದಿನ 6-7 ಎಂದಿತ್ತು. ಬರೆದವರ ಮನಸ್ಸಿನಲ್ಲಿದ್ದದ್ದು ಜುಲೈ ಆರು. ನನ್ನ ಪ್ರೋಗ್ರಾಂ ಅಮೆರಿಕದವರ ಹಾಗೆ ತಿಂಗಳನ್ನು ಮೊದಲು ಓದಿ, ಜೂನ್ ಏಳು ಮಾಡಿಕೊಂಡಿತ್ತು.

"ಇನ್ನು ನಿಮ್ಮ ಪಟ್ಟಿ ನಂಬಿಕೊಂಡು ನಾನು ಈ ಊರಿಗೆ ಬರಲ್ಲ," ಅಂದರು ಡಾಕ್ಟರು. ಅವರ ಹಿಂದೆ ಅಜ್ಜಿ ಏನೋ ಅಮಾವಾಸ್ಯೆಯ ಲೆಕ್ಕ ಹೇಳುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಿಜವಾದ ದಿನ ಇವರು ಬಾರದೇ ಹೋದರೆ ಅನ್ನುವುದೊಂದೇ ತಲೆಯಲ್ಲಿ.

ಅಷ್ಟರಲ್ಲಿ ಅಜ್ಜಿ ಫೋನು ಕಿತ್ತುಕೊಂಡರು. "ನೀನೇನೂ ಎದೆ ಒಡ್ಕೋಬ್ಯಾಡ ಕಣಮ್ಮಿ. ಎರಡು ಮುದ್ದೆ, ಉಳ್ಳಿಕಾಳು ಬಸ್ಸಾರು ಉಂಡವ್ರೆ. ಹಸೀಗೆ ಇನ್ನೂ ದಿನ ಅದೆ. ಹೊಟ್ಟೆ ನೋಡುದ್ರೆ ಡಾಕ್ಟ್ರಿಗೇ ಇವತ್ತು ಆಯ್ತದೆ."

೪. ಹನ್ನೊಂದು ಗಂಟೆ

ದಿನ ಮೊದಲು, ತಿಂಗಳು ಆಮೇಲೆ ಎಂದು ಪ್ರೋಗ್ರಾಮಿಗೆ ಕಿವಿ ಹಿಂಡಿ ಹೇಳಿದೆ. ಅಜ್ಜಿಯ ಹಸುವಿನ ದಿನ ಏಪ್ರಿಲ್ ಹನ್ನೆರಡು ಎಂದು ಬಂತು. ನಿದ್ದೆ ಬಂತು ನನಗೂ.

ಹನ್ನೆರಡರ ಬೆಳಗ್ಗೆ ಹೋಟೆಲಿನಲ್ಲಿ ದೋಸೆ ಮುರಿಯುತ್ತ, ಡಾಕ್ಟರಿಗೆ ಹೋದ ಪಟ್ಟಿಯನ್ನು ಸುಮ್ಮನೆ ತೆರೆದೆ. ತುತ್ತು ಕೈಯಲ್ಲೇ ಉಳಿಯಿತು. ಮೇಲ್ಗಡೆ 01-06, ಹರವೆಯಲ್ಲಿ ಜೂನ್ ಒಂದರ ಹಸು, ಅದರ ಕೆಳಗೆ 01-09, ಸೆಪ್ಟೆಂಬರ್ ಒಂದರದ್ದು. ನಮ್ಮ ಅಜ್ಜಿಯ ಹಸು, 12-04, ಎರಡು ಪುಟ ಕೆಳಗೆ! ತಾರೀಖನ್ನು ಅಕ್ಷರ ಮಾಡಿದ ಮೇಲೆ ನಾನು ಪಟ್ಟಿ ಜೋಡಿಸಿದ್ದೆ. ಅಕ್ಷರಕ್ಕೆ ಏಪ್ರಿಲ್ಲೂ ಇಲ್ಲ, ಜೂನೂ ಇಲ್ಲ. 01ರಲ್ಲಿ ಶುರುವಾದದ್ದೆಲ್ಲ 12ಕ್ಕಿಂತ ಮೊದಲು, ಅಷ್ಟೆ. ಜೋಡಿಸಿ ಆಮೇಲೆ ಅಕ್ಷರ ಮಾಡಬೇಕಿತ್ತು.

ಡಾಕ್ಟರಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಹರವೆಯ ಹಾದಿಯಲ್ಲಿರುತ್ತಾರೆ, ಹೋದ ಸಲದ ಹಾಗೆಯೇ. ದೋಸೆ ಬಿಟ್ಟು ಆಟೋ ಹತ್ತಿದೆ. ನಾನು ಹೋಗಿ ಮಾಡುವುದೇನು? ಹಸುವಿನ ಬಾಲ ಯಾವ ಕಡೆ ಅನ್ನುವುದೊಂದು ಬಿಟ್ಟು ನನಗೆ ಬೇರೇನೂ ಗೊತ್ತಿಲ್ಲ.

ಕೊಟ್ಟಿಗೆಗೆ ನುಗ್ಗಿದರೆ, ಡಾಕ್ಟರು! ಅಂಗಿ ಬಿಚ್ಚಿ, ಮೊಣಕೈ ಮೇಲಿನ ತನಕ ಸೋಪು ನೊರೆ. "ಬಾಗಿಲಲ್ಲಿ ಬೆಳಕಿಗೆ ಅಡ್ಡ ನಿಲ್ಲಬೇಡಿ," ಅಂದರು. ಕರುವಿನ ಒಂದು ಮುಂಗಾಲು ಮಡಿಚಿಕೊಂಡಿತ್ತು, ಈ ಸಲವೂ. ಅಜ್ಜಿ ಹಸುವಿನ ಕೊರಳು ತಬ್ಬಿಕೊಂಡು, "ಇನ್ನೊಂದೀಟು ಕಣವ್ವ, ಇನ್ನೊಂದೀಟು," ಅನ್ನುತ್ತಿದ್ದರು. ಡಾಕ್ಟರು ಕಣ್ಣು ಮುಚ್ಚಿ, ಒಳಗೆ ಕೈಯಾಡಿಸಿ ಕಾಲನ್ನು ಬಿಡಿಸಿದರು. ಎಳೆದರು. ಒದ್ದೆ ಒದ್ದೆ ಹೆಣ್ಣುಗರು ಹುಲ್ಲಿನ ಮೇಲೆ ಬಿತ್ತು. ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಸೀನಿತು.

"ನೀವು ಹರವೆಯಲ್ಲಿರಬೇಕಿತ್ತಲ್ಲ?" ಅಂದೆ.

"ಪಟ್ಟಿ ಹಾಗೇ ಹೇಳಿತ್ತು," ಅಂದು ಡಾಕ್ಟರು ಅಂಗಿ ಜೇಬಿನ ಡೈರಿ ತೋರಿಸಿದರು. ಮಾರ್ಚಿನಲ್ಲಿ ಮುದ್ದೆ ಉಣ್ಣುತ್ತ, ಅಜ್ಜಿ ಹೇಳಿದ್ದನ್ನು ಬರೆದುಕೊಂಡದ್ದು: 'ಸೂಜಿ ಹಾಕಿಸಿದ್ದು ಅಮಾವಾಸ್ಯೆ ಮಾರನೇ ದಿನ. ಒಂಬತ್ತು ಅಮಾವಾಸ್ಯೆ ಕಳೆದು ಬರುವ ಹುಣ್ಣಿಮೆ. ಭೀಮನಬೀಡು. ಊಟ ಇದೆ.'

ನಾನು ಮನಸ್ಸಿನಲ್ಲೇ ಎಣಿಸಿದೆ. ಇನ್ನೂರ ಎಂಬತ್ತು ದಿನ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ತಾರೀಖನ್ನು ಅಕ್ಷರ ಮಾಡುವುದನ್ನು ಅಜ್ಜಿ ನನಗಿಂತ ಚೆನ್ನಾಗಿ ಮಾಡಿದ್ದರು.

ಕರು ನಾಲ್ಕು ಕಾಲನ್ನು ನಾಲ್ಕು ದಿಕ್ಕಿಗೆ ಊರಿ ಎದ್ದು ನಿಲ್ಲುವ ಹೊತ್ತಿಗೆ ಅಜ್ಜಿಯ ಸೊಂಟದಲ್ಲಿದ್ದ ಫೋನು ಗುಂಯ್ ಅಂದಿತು. ಹನ್ನೊಂದು ಗಂಟೆ. ಡಾಕ್ಟರು ಇಸಿದುಕೊಂಡು ಗಟ್ಟಿಯಾಗಿ ಓದಿದರು: "'ನಿಮ್ಮ ಹಸು ಇಂದು ಕರು ಹಾಕುವ ಸಾಧ್ಯತೆ ಇದೆ.'"

ಅಜ್ಜಿ ನನ್ನನ್ನೊಮ್ಮೆ ನೋಡಿದರು. ಆಮೇಲೆ ಫೋನನ್ನು ಕರುವಿನ ಕಿವಿಯ ಹತ್ತಿರ ಹಿಡಿದರು.

"ನಿಂಗೇ ಬಂದದೆ ಕಣವ್ವ, ಕೇಳುಸ್ಕೊ. ನೀನು ಇವತ್ತು ಹುಟ್ಬೋದಂತೆ."